ಶೇಖರಣ್ಣನ ಪರವಾಗಿ ತಿಂದ ಮೀನು

ತಿನ್ನುವ ವಿಷಯದಲ್ಲಿ ನಾನು ಪುಕ್ಕಲ. ತುಮಕೂರು ಕಡೆಯವನಾದ ನನಗೆ ಭಾನುವಾರದ ಕೋಳಿ ಸಾರು, ಹಬ್ಬದ ಮಾರನೆಯ ದಿನದ ಮಟನ್ನು, ಕೆರೆ ತುಂಬಿದ ವರ್ಷ ಒಂದಿಷ್ಟು ಮೀನು, ಇಷ್ಟನ್ನು ದಾಟಿದರೆ ಗಂಟಲು ತಾನಾಗಿಯೇ ಬಾಗಿಲು ಹಾಕಿಕೊಳ್ಳುತ್ತದೆ. ಯಾರಾದರೂ ಬಲವಂತದಿಂದ ಏನನ್ನಾದರೂ ತಿನ್ನಿಸಿ "ಹೇಗಿದೆ?" ಎಂದು ಕೇಳಿದರೆ ನನ್ನ ಹತ್ತಿರ ಸಿದ್ಧ ಉತ್ತರವೊಂದಿದೆ: "ಚಿಕನ್ ಥರಾನೇ ಇದೆ." ಇದು ನನ್ನೊಬ್ಬನ ಉತ್ತರವೇನಲ್ಲ. ಕಪ್ಪೆ ತಿಂದವರು, ಮೊಲ ತಿಂದವರು, ಉಡ ತಿಂದ ನಮ್ಮೂರಿನ ಹಳಬರು, ವಿದೇಶಕ್ಕೆ ಹೋಗಿ ಹಾವು ತಿಂದು ಬಂದ ನಮ್ಮ ಮ್ಯಾನೇಜರು, ಎಲ್ಲರೂ ಹೇಳುವುದು ಇದನ್ನೇ. ಜಗತ್ತಿನ ಅರ್ಧ ಪ್ರಾಣಿಗಳು ಕೋಳಿಯ ನಕಲೇ ಆಗಿದ್ದರೆ ದೇವರು ಅಷ್ಟೊಂದು ಕಷ್ಟಪಟ್ಟದ್ದು ಯಾಕೋ.

ಈ ಮಾತನ್ನು ತಮ್ಮ ಎದುರು ಆಡಕೂಡದೆಂದು ನನಗೆ ತಾಕೀತು ಮಾಡಿದವರು ಶೇಖರಣ್ಣ.

ವಿಮಾ ಕಂಪನಿಯ ವರ್ಗಾವಣೆ ನನ್ನನ್ನು ಅಹಮದಾಬಾದಿಗೆ ತಂದು ಹಾಕಿದ ಹೊಸದರಲ್ಲಿ, ಮಣಿನಗರ ಸ್ಟೇಷನ್ನಿನ ಹತ್ತಿರ ಅವರ ಉಡುಪಿ ಹೋಟೆಲು ಕಣ್ಣಿಗೆ ಬಿದ್ದಿತ್ತು. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದವರು. ಬೋರ್ಡಿನ ಮೇಲೆ ಹಸಿರು ಅಕ್ಷರದಲ್ಲಿ 'ಪ್ಯೂರ್ ವೆಜ್'. ಗಲ್ಲಾದ ಹಿಂದೆ ಗಂಧದ ಬೊಟ್ಟಿಟ್ಟು ಕೂತ ಆ ಮನುಷ್ಯ ಸಮುದ್ರ, ಹೊಳೆ, ಕಾಡುಗಳ ಬಹುಭಾಗವನ್ನು ತಿಂದು ಜೀರ್ಣಿಸಿಕೊಂಡವರೆಂದು ಯಾವ ಗಿರಾಕಿಯೂ ಊಹಿಸಲಾರ. "ಇದು ಹೇಗೆ ಶೇಖರಣ್ಣ?" ಎಂದು ಒಮ್ಮೆ ಕೇಳಿದ್ದೆ. "ಅದು ಹೋಟ್ಲು, ಇದು ಹೊಟ್ಟೆ. ಎರಡಕ್ಕೂ ಲೈಸೆನ್ಸ್ ಬೇರೆ ಬೇರೆ ಮಾರಾಯ್ರೆ" ಎಂದರು.

ಅವರಿದ್ದ ಕಟ್ಟಡದಲ್ಲಿ ಕಸದ ಬುಟ್ಟಿಯಲ್ಲಿ ಮೊಟ್ಟೆಯ ಸಿಪ್ಪೆ ಕಂಡರೂ ಸೊಸೈಟಿಯವರು ಮೀಟಿಂಗ್ ಕರೆಯುತ್ತಿದ್ದರು. ಹಾಗಾಗಿ ಅವರ ಪ್ರಯೋಗಗಳೆಲ್ಲ ಹೊರಗೆ. ಬಾಲ್ಯದಲ್ಲೇ ಚಾಟಿಬಾಲದ ತೊರಕೆ ಮೀನು, ತಾಟೆ, ಸ್ಕ್ವಿಡ್ ಎನ್ನುವ ಬೊಂಡಾಸ್ ಮುಗಿಸಿದ್ದರು. ತಾಟೆ ಎಂದರೆ ಶಾರ್ಕ್ ಎಂದು ತಿಳಿದ ದಿನ ನಾನು ಅವರಿಂದ ಸ್ವಲ್ಪ ದೂರ ಕೂತಿದ್ದೆ. ಘಟ್ಟದ ಮೇಲಿನ ನೆಂಟರ ಮನೆಯಲ್ಲಿ ಕೆಂಪಿರುವೆಯ ಚಟ್ನಿ, ಈಶಾನ್ಯಕ್ಕೆ ತೀರ್ಥಯಾತ್ರೆ ಹೋದಾಗ ರೇಷ್ಮೆಹುಳ (ಯಾತ್ರೆಯ ಪುಣ್ಯ ಅಲ್ಲಿಗೇ ಸರಿಹೋಯಿತು ಎಂದು ಅವರ ಹೆಂಡತಿ ವಸಂತಕ್ಕ ಹೇಳುತ್ತಿದ್ದರು), ಅಹಮದಾಬಾದಿನ ಹಳೇ ಪೇಟೆಯ ಗಲ್ಲಿಗಳಲ್ಲಿ ಆಡಿನ ಮಿದುಳು, ಕಾಲು, ನಾಲಿಗೆ. ಒಮ್ಮೆ ನಾವಿಬ್ಬರೂ ವಡೋದರಾಕ್ಕೆ ಹೋಗಿದ್ದಾಗ ವಿಶ್ವಾಮಿತ್ರಿ ನದಿಯ ದಂಡೆಯಲ್ಲಿ ಮೊಸಳೆಯೊಂದು ಬಾಯಿ ತೆರೆದು ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಶೇಖರಣ್ಣ ಸೇತುವೆಯ ಮೇಲೆ ನಿಂತು ಅದನ್ನೇ ನೋಡಿದರು. "ತಿನ್ನುವ ಹಾಗಿಲ್ಲ, ಜೈಲು" ಎಂದು ನಾನು ಎಚ್ಚರಿಸಿದೆ. "ಗೊತ್ತುಂಟು. ಆದ್ರೆ ಅದೂ ನಮ್ಮ ಬಗ್ಗೆ ಅದನ್ನೇ ಯೋಚನೆ ಮಾಡ್ತಾ ಉಂಟು ನೋಡಿ" ಎಂದರು.

ಅವರದು ಬರೀ ಚಪಲವಾಗಿರಲಿಲ್ಲ. ಮೊದಲ ತುತ್ತಿಗೆ ಕಣ್ಣು ಮುಚ್ಚುತ್ತಿದ್ದರು. ಆಗ ಯಾರೂ ಮಾತಾಡಿಸಬಾರದು. ಆಮೇಲೆ ಬಿಡಿಸಿ ಹೇಳುತ್ತಿದ್ದರು. ಬೊಂಡಾಸ್ ಮೊದಲು ಹಲ್ಲಿನ ಜೊತೆ ಜಗಳಕ್ಕೆ ನಿಲ್ಲುತ್ತದೆ, ಆಮೇಲೆ ಬೇಯಿಸಿದ ಹಲಸಿನ ಬೀಜದಂತಾಗುತ್ತದೆ, ನುಂಗುವ ಹೊತ್ತಿಗೆ ಎಲ್ಲಿಂದಲೋ ಚೂರು ಸಿಹಿ ಬರುತ್ತದೆ. ನಮ್ಮ ಹಿರಿಯರು ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ಆರು ರುಚಿಗಳಿಗೆ ಲೆಕ್ಕ ಮುಗಿಸಿಬಿಟ್ಟಿದ್ದಾರೆ. ಬಣ್ಣಕ್ಕೆ, ರಾಗಕ್ಕೆ, ಮುನಿಸಿಗೆ ಅಷ್ಟೊಂದು ಪದ ಕೊಟ್ಟ ಭಾಷೆ ಮೀನಿನ ರುಚಿಗೆ ಒಂದೂ ಕೊಡಲಿಲ್ಲ. ಆ ಕೊರತೆಯನ್ನು ತಾವೊಬ್ಬರೇ ತುಂಬುತ್ತೇವೆ ಎಂಬಂತೆ ಶೇಖರಣ್ಣ ಹುಡುಕುತ್ತಿದ್ದರು.

ಹುಣ್ಣು ಕಾಣಿಸಿಕೊಂಡದ್ದು ನಾಲಿಗೆಯ ಎಡ ಅಂಚಿನಲ್ಲಿ. ಬಿಸಿ ಸಾಂಬಾರು ಸುಟ್ಟದ್ದು ಎಂದರು. ಸಾಂಬಾರು ಸುಟ್ಟದ್ದು ಮಳೆಗಾಲ ಮುಗಿದರೂ ವಾಸಿಯಾಗಲಿಲ್ಲ. "ಕಂಡಕಂಡದ್ದು ತಿಂದದ್ದಕ್ಕೇ ಬಂದದ್ದು ಇದು" ಎಂದು ವಸಂತಕ್ಕ ಡಾಕ್ಟರ ಎದುರಿಗೇ ಅತ್ತರು. ಡಾಕ್ಟರು ಮೀನು ಮಾಂಸದ ಸುದ್ದಿಯನ್ನೇ ಎತ್ತಲಿಲ್ಲ. ಮಾವಾ ಹಾಕುತ್ತೀರಾ ಎಂದಷ್ಟೇ ಕೇಳಿದರು. ಅಡಿಕೆ, ತಂಬಾಕು, ಸುಣ್ಣ ಸೇರಿಸಿ ತಿಕ್ಕಿ, ಪ್ಲಾಸ್ಟಿಕ್ಕಿನ ಚೂರಿನಲ್ಲಿ ಕಟ್ಟಿ ಇಲ್ಲಿ ಬೀದಿಬೀದಿಯಲ್ಲಿ ಮಾರುತ್ತಾರೆ. ಗಲ್ಲಾದಲ್ಲಿ ಕೂತು ನಿದ್ದೆ ಬಾರದಿರಲೆಂದು ಶೇಖರಣ್ಣ ವರ್ಷಗಟ್ಟಲೆ ಅದನ್ನು ಕೆನ್ನೆಯಲ್ಲಿಟ್ಟುಕೊಂಡಿದ್ದರು. ಶಾರ್ಕು, ಇರುವೆ, ಹುಳ ಯಾವುದೂ ಏನೂ ಮಾಡದ ಆ ದೇಹವನ್ನು ಹಿಡಿದದ್ದು ಶುದ್ಧ ಸಸ್ಯಾಹಾರ.

ಆಪರೇಷನ್ನಿನಲ್ಲಿ ನಾಲಿಗೆಯ ಬಹುಪಾಲು ಹೋಯಿತು. ಮೂಗಿನಿಂದ ಹೊಟ್ಟೆಗೆ ಒಂದು ನಳಿಗೆ ಇಳಿಸಿದರು. ಗಂಜಿಯ ತಿಳಿ, ಹಾಲು, ಬೇಳೆಕಟ್ಟು ಎಲ್ಲ ಅದರಲ್ಲೇ. ಮಾತಿನಲ್ಲಿ ಸ್ವರಗಳಷ್ಟೇ ಉಳಿದಿದ್ದವು. ಶೇಖರಣ್ಣನ ಬಾಯಿಂದ ವ್ಯಂಜನಗಳು ಆ ಪದದ ಎರಡೂ ಅರ್ಥದಲ್ಲಿ ಹೊರಟುಹೋಗಿದ್ದವು. ಅವರು ಹೇಳಿದ್ದು ವಸಂತಕ್ಕನಿಗೆ ಮಾತ್ರ ತಿಳಿಯುತ್ತಿತ್ತು. ನಾನು ಮೊದಲ ಸಲ ನೋಡಲು ಹೋದಾಗ ಅವರು ಏನೋ ಹೇಳಿ ನಗಲು ನೋಡಿದರು. ವಸಂತಕ್ಕ ಮುಖ ಆಚೆ ತಿರುಗಿಸಿ ಅದನ್ನು ನನಗೆ ದಾಟಿಸಿದರು: "ಆ ಆಡಿನ ನಾಲಿಗೆಯ ಶಾಪ ಅಂತೆ."

ಹೊರಡುವಾಗ ಅವರು ನನ್ನ ಕೈ ಹಿಡಿದು ಉದ್ದಕ್ಕೆ ಏನೋ ಹೇಳಿದರು.

"ಇವ್ರು ಎಂತ ಹೇಳುದು ಗೊತ್ತುಂಟಾ?" ಎಂದರು ವಸಂತಕ್ಕ. "ನೀವು ಸೂರತ್‌ಗೆ ಹೋಗ್ತಿರ್ತೀರಲ್ಲ, ಅಲ್ಲಿ ಲೇವ್ಟಾ ಅಂತ ಒಂದು ಮೀನು ಉಂಟಂತೆ. ಅದು ತಿಂದು ಬಂದು ಹೇಗುಂಟು ಹೇಳ್ಬೇಕಂತೆ. ಮೂಗಲ್ಲಿ ಗಂಜಿ, ಮನ್ಸಲ್ಲಿ ಮೀನು! ಇದಕ್ಕೆ ಎಂತ ಹೇಳುದು ನಾನು?"

ಲೇವ್ಟಾ ಅವರು ತಿನ್ನದೆ ಉಳಿದ ಮೀನು. ಸಮುದ್ರ ಹಿಂದಕ್ಕೆ ಸರಿದಾಗ ಕೆಸರಿನ ಮೇಲೆ ರೆಕ್ಕೆಯೂರಿ ನಡೆಯುತ್ತದೆ, ಬಿಲದಲ್ಲಿ ವಾಸ ಮಾಡುತ್ತದೆ, ಕಣ್ಣುಗಳು ನೆತ್ತಿಯ ಮೇಲಿರುತ್ತವೆ. ಈ ಚಳಿಗಾಲದಲ್ಲಿ ಹೋಗೋಣ ಎಂದು ಅವರು ನನ್ನನ್ನು ಹೆದರಿಸುತ್ತಲೇ ಇದ್ದರು. ಚಳಿಗಾಲ ಬಂದಿತ್ತು.

ನಮ್ಮ ಸೂರತ್ ಶಾಖೆಯ ಡ್ರೈವರು ನನ್ನನ್ನು ಡುಮಸ್ ಕಡೆಯ ಒಂದು ಊರಿಗೆ, ತನ್ನ ಅತ್ತೆ ಜಸುಬೆನ್ ಮನೆಗೆ ಕರೆದುಕೊಂಡು ಹೋದ. ಆಕೆ ಬಕೆಟ್ಟಿನ ಮುಚ್ಚಳ ಸರಿಸಿ ತೋರಿಸಿದರು. ಒಳಗಿದ್ದವು ನೆತ್ತಿಯ ಕಣ್ಣುಗಳಿಂದ ನನ್ನನ್ನೇ ನೋಡಿದವು. ಮೀನು ಪಕ್ಕದಿಂದ ನೋಡಿದರೆ ತಡೆದುಕೊಳ್ಳಬಹುದು, ಎದುರಿನಿಂದ ನೋಡಿದರೆ ಕಷ್ಟ. ಹಸಿ ಬೆಳ್ಳುಳ್ಳಿ ಸೊಪ್ಪು, ಮೆಣಸಿನಕಾಯಿ ಅರೆದು ಹಾಕಿ ಗಟ್ಟಿಯಾಗಿ ಬೇಯಿಸಿದ್ದು ತಟ್ಟೆಗೆ ಬಂದಾಗ ನನ್ನ ಕೈ ಅಲ್ಲೇ ನಿಂತಿತು. "ಡರೋ ಮತ್ ಭಾಯಿ, ಅಬ್ ಮರ್ ಗಯಾ ಹೈ" ಎಂದು, ಅದೀಗ ಸತ್ತಿದೆ ಹೆದರಬೇಡಿ ಎಂದು, ಜಸುಬೆನ್ ಧೈರ್ಯ ಹೇಳಿದರು. ನಾನು ಶೇಖರಣ್ಣನನ್ನು ನೆನೆದು ಕಣ್ಣು ಮುಚ್ಚಿ ಬಾಯಿಗಿಟ್ಟೆ.

ಮಣಿನಗರದ ಮನೆಯಲ್ಲಿ ಅವರು ದಿಂಬಿಗೆ ಒರಗಿ ಕಾಯುತ್ತಿದ್ದರು. ಗಡ್ಡ ಬೋಳಿಸಿಕೊಂಡು ಇಸ್ತ್ರಿ ಅಂಗಿ ಹಾಕಿದ್ದರು. ಅದನ್ನು ಕಂಡು ನನ್ನ ತಲೆ ಖಾಲಿಯಾಯಿತು. ಬಾಯಿಂದ ಬಂದದ್ದು, "ಒಂಥರಾ ಚಿಕನ್..."

ಅವರು ಹಾಸಿಗೆಯ ಮೇಲೆ ಕೈ ಬಡಿದರು. ನಳಿಗೆ ಅಲುಗಾಡಿತು. ದಾಟಿಸುವ ಅಗತ್ಯವಿರಲಿಲ್ಲ, ಆ ಬೈಗುಳ ಬರೀ ಸ್ವರಗಳಲ್ಲೇ ಪೂರ್ತಿ ತಿಳಿಯಿತು.

ಮತ್ತೆ ಮೊದಲಿನಿಂದ ಹೇಳಿದೆ. ಚರ್ಮ ತೆಳ್ಳಗೆ, ನಾಲಿಗೆಯ ಮೇಲೆ ಜಾರುತ್ತದೆ. ಒಳಗೆ ಹಾಲಿನ ಕೆನೆಯಷ್ಟು ಮೆತ್ತಗೆ. ಬೆಳ್ಳುಳ್ಳಿ ಸೊಪ್ಪಿನ ಘಾಟು ಮೂಗಿಗೆ ಹತ್ತುತ್ತದೆ, ಖಾರ ಆಮೇಲೆ. ಎಲ್ಲ ಇಳಿದ ಮೇಲೆ ಉತ್ತ ಗದ್ದೆಯಲ್ಲಿ ನೀರು ನಿಂತ ವಾಸನೆ ಗಂಟಲಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಹೇಳುತ್ತ ಹೋದಂತೆ ಅವರು ಕಣ್ಣು ಮುಚ್ಚಿದರು. ಗಂಟಲು ಏನನ್ನೋ ನುಂಗಲು ಮೇಲೆ ಕೆಳಗೆ ಆಡಿತು. ನುಂಗಲು ಆಗಲಿಲ್ಲ, ಕೆಮ್ಮು ಬಂತು. ವಸಂತಕ್ಕ ಓಡಿಬಂದು ಬಟ್ಟೆಯಿಂದ ಬಾಯಿ ಒರೆಸಿದರು. ಕೆಮ್ಮು ನಿಂತೊಡನೆ ಅವರು ಮತ್ತೆ ಏನೋ ಕೇಳಿದರು.

"ಹುಳಿಗೆ ಎಂತ ಹಾಕಿದ್ರು ಅಂತೆ. ಹುಣಸೆಹಣ್ಣಾ, ಮಾವಿನಕಾಯಾ?"

ನನಗೆ ಗೊತ್ತಿರಲಿಲ್ಲ. ಅವರು ಗೋಡೆಯ ಕಡೆ ತಿರುಗಿಬಿಟ್ಟರು. ಬೇರೆ ದಾರಿ ಕಾಣದೆ ಡ್ರೈವರಿಗೆ ಫೋನ್ ಹಚ್ಚಿ, ಜಸುಬೆನ್‌ಗೆ ಕೊಡಿಸಿ, ಸ್ಪೀಕರ್ ಹಾಕಿ ವಿಷಯ ಹೇಳಿದೆ. ಆಕೆ "ಕಚ್ಚೀ ಕೇರಿ, ಸೂಖೀ ಹುಯೀ" ಎಂದರು. ಒಣಗಿಸಿದ ಮಾವಿನಕಾಯಿ. ಶೇಖರಣ್ಣ ಈ ಕಡೆ ತಿರುಗಿದರು. "ಭಾಯಿ, ಆಪ್ ಠೀಕ್ ಹೋ ಜಾವ್. ಮೈಂ ಖುದ್ ಬನಾಕೇ ಖಿಲಾವೂಂಗಿ" ಎಂದು, ಹುಷಾರಾಗಿ ಬನ್ನಿ ನಾನೇ ಮಾಡಿ ತಿನ್ನಿಸುತ್ತೇನೆ ಎಂದು, ಆಕೆ ದನಿ ಎತ್ತರಿಸಿ ಹೇಳಿದರು, ಕಿವಿ ಕೇಳಿಸದವರಿಗೆ ಹೇಳುವ ಹಾಗೆ. ಶೇಖರಣ್ಣ ಫೋನಿನ ಕಡೆ ಬಾಗಿ ಎರಡು ಸ್ವರ ಉತ್ತರ ಕೊಟ್ಟರು. ದಾಟಿಸಬೇಕಾದ ವಸಂತಕ್ಕ ಎದ್ದು ಒಳಗೆ ಹೋಗಿದ್ದರು.

ಅಲ್ಲಿಂದ ಇದೇ ನನ್ನ ಕೆಲಸವಾಯಿತು. ಅವರು ಕಳಿಸಿದ ಕಡೆಯೆಲ್ಲ ಹೋಗಿ ಹೇಳಿದ್ದನ್ನೆಲ್ಲ ತಿಂದೆ. ಹಳೇ ಪೇಟೆಯಲ್ಲಿ ಮಿದುಳು ತಿಂದೆ. ಬಿಸಿಯಿದ್ದಾಗ ಬೆಣ್ಣೆ, ಆರಿದರೆ ಸೀಮೆಸುಣ್ಣ. ಸೂರತ್ತಿನಲ್ಲಿ ಏಡಿ ಒಡೆಯಲು ಬಾರದೆ ಹಲ್ಲಿನ ತುದಿ ಮುರಿದುಕೊಂಡೆ. ಆ ವರದಿ ಅವರಿಗೆ ಬಹಳ ಇಷ್ಟವಾಯಿತು. "ಅವರ ಪಥ್ಯ, ನಿಮ್ಮ ಕೊಬ್ಬು" ಎಂದು ನನ್ನ ಹೆಂಡತಿ ಗೌರಿ ಅಂಗಿಯ ಗುಂಡಿ ಸಡಿಲಿಸಿ ಹೊಲಿದುಕೊಟ್ಟಳು. ನಾನು ತುಂಬಿಕೊಳ್ಳುತ್ತ ಹೋದಂತೆ ಶೇಖರಣ್ಣ ಕರಗುತ್ತ ಹೋದರು. ಬೇಸಿಗೆಯ ಹೊತ್ತಿಗೆ ಕುತ್ತಿಗೆಯಲ್ಲಿ ಗಂಟು ಎದ್ದಿತು. ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು.

ಅದಾದ ಕೆಲವು ದಿನಕ್ಕೆ ನಾನು ತಾಟೆಯ ವರದಿ ಸಿದ್ಧಪಡಿಸಿಕೊಂಡು ಹೋಗಿದ್ದೆ. ಅವರು ತಿಂದು ಬೆಳೆದ ಮೀನು, ತಪ್ಪು ಹೇಳಿದರೆ ಸಿಕ್ಕಿಬೀಳುತ್ತೇನೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಶುರುಮಾಡುವಷ್ಟರಲ್ಲಿ ಅವರು ಬೆರಳೆತ್ತಿ ಬೇಡವೆಂದರು. ದನಿ ಪೂರ್ತಿ ಇಳಿದಿತ್ತು. ವಸಂತಕ್ಕ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿಸಿಕೊಂಡರು.

"ಇವತ್ತು ಮಧ್ಯಾಹ್ನ ನೀವು ಮನೇಲಿ ಎಂತ ಊಟ ಮಾಡಿದ್ರಿ ಅಂತ ಕೇಳ್ತಾರೆ."

"ಅನ್ನ, ಸಾರು, ಹುರುಳಿಕಾಯಿ ಪಲ್ಯ."

ಅವರು ಕಣ್ಣು ಮುಚ್ಚಿ ಕಾದರು.

"ಸಾರು ಹೇಗಿತ್ತು ಅಂತೆ."

ಊಟ ಮಾಡುತ್ತ ಫೋನಿನಲ್ಲಿ ಯಾವುದೋ ಕಾರಿನ ಕ್ಲೇಮಿನ ಫೋಟೋ ನೋಡುತ್ತಿದ್ದೆ. ಮದುವೆಯಾದಂದಿನಿಂದ ಗೌರಿಯ ಸಾರು ಉಂಡಿದ್ದೇನೆ. ಕೆಸರಿನ ಮೀನಿನ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲ ನನಗೆ ಅದರ ಬಗ್ಗೆ ಒಂದು ಸಾಲೂ ಹುಟ್ಟಲಿಲ್ಲ. "ಚೆನ್ನಾಗಿತ್ತು" ಎಂದೆ. ಅವರು ಇನ್ನೂ ಕಾಯುತ್ತಿದ್ದರು. ಆಮೇಲೆ ಕಣ್ಣು ತೆರೆದು ವಸಂತಕ್ಕನಿಗೆ ಏನೋ ಹೇಳಿದರು.

"ಎಂತ ಇಲ್ಲ" ಎಂದರು ವಸಂತಕ್ಕ. "ನಾಳೆ ಸರಿಯಾಗಿ ತಿಂದು ಬಂದು ಹೇಳಿ ಅಂತೆ."

ಮಾರನೆಯ ದಿನ ಗೌರಿಗೆ ಸಾರನ್ನೇ ಮಾಡಲು ಹೇಳಿ, ಫೋನ್ ಇನ್ನೊಂದು ಕೋಣೆಯಲ್ಲಿಟ್ಟು ಊಟಕ್ಕೆ ಕೂತೆ. "ಯಾಕ್ರೀ ಹಂಗೆ ಕಣ್ಣು ಮುಚ್ಕೊಂಡಿದೀರಾ, ಉಪ್ಪು ಜಾಸ್ತಿ ಆಯ್ತಾ?" ಎಂದು ಅವಳು ಗಾಬರಿಯಾದಳು. ಟೊಮೇಟೊ ಹುಳಿ ಮುಂದೆ, ಮೆಣಸು ಹಿಂದಿನಿಂದ, ಒಗ್ಗರಣೆಯಲ್ಲಿ ಚೂರು ಸೀದ ಸಾಸಿವೆ, ತಳದಲ್ಲಿ ಬೇಳೆಯ ಸಣ್ಣ ಸಿಹಿ. ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡು ಕೈ ತೊಳೆದು, ಒಳಗೆ ಹೋಗಿ ಫೋನ್ ಎತ್ತಿಕೊಂಡರೆ ವಸಂತಕ್ಕನ ಕರೆಗಳು ಬಂದು ನಿಂತಿದ್ದವು. ಶೇಖರಣ್ಣ ಹೋಗಿಬಿಟ್ಟಿದ್ದರು.

ಕ್ರಿಯಾಕರ್ಮಗಳೆಲ್ಲ ಮುಗಿದು ನೆಂಟರು ಊರಿಗೆ ಹೊರಟ ಮೇಲೆ ಒಂದು ಸಂಜೆ ಅವರ ಮನೆಗೆ ಹೋದೆ. ಹಾಸಿಗೆ ಎತ್ತಿಟ್ಟಿದ್ದರು. ಅದಿದ್ದ ಜಾಗದಲ್ಲಿ ವಸಂತಕ್ಕ ಕೂತಿದ್ದರು. ಅವರೇ ಕೇಳಿದರು, "ಆ ದಿನ ನೀವು ತಿಂದಿದ್ರಾ? ಸಾರು ಹೇಗಿತ್ತು?"

ಹೇಳಿದೆ. ಹುಳಿ, ಮೆಣಸು, ಸೀದ ಸಾಸಿವೆ, ತಳದ ಸಿಹಿ, ಒಂದನ್ನೂ ಬಿಡದೆ. ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಕಣ್ಣು ತೆರೆದು, ಹುಬ್ಬು ಗಂಟಿಕ್ಕಿ, "ಇಂಗು?" ಎಂದರು.

ಗೌರಿಯನ್ನು ಕೇಳಿಕೊಂಡು ನಾಳೆ ಬಂದು ಹೇಳುತ್ತೇನೆ ಎಂದೆ.