ಲೋಗಿಬ್ರೇ ಮಟ್ಟು

ನನ್ನ ಗಂಡ ವಾಟಿ ಡಫಸ್ ರಸ್ತೆ ರಿಪೇರಿ ಮಾಡುತ್ತಿದ್ದವನು. ಹಗಲೆಲ್ಲ ಗುಂಡಿ ಮುಚ್ಚುವುದು, ಶನಿವಾರ ಊರ ಸಭಾಂಗಣದ ಕುಣಿತಕ್ಕೆ ಪಿಟೀಲು. ಮಾತು ಕಡಿಮೆ. ಮಾರ್ಚಿನಲ್ಲಿ ಸತ್ತ. ಅವನ ಬೂಟು ಇನ್ನೂ ಬಾಗಿಲ ಹತ್ತಿರವೇ ಇದೆ. ತೆಗೆಯುವುದಿಲ್ಲ.

ಅವನು ಹುಟ್ಟಿದ್ದು ಗುಡ್ಡದಾಚೆಯ ಲೋಗಿಬ್ರೇಯಲ್ಲಿ. ಜಿಂಕೆ ಬೇಟೆಗೆ ಅಡ್ಡಿ ಎಂದು ಹಿಂದಿನ ಜಮೀನ್ದಾರ ಅಲ್ಲಿನ ಮನೆಗಳನ್ನೆಲ್ಲ ಬಿಡಿಸಿದ. ಈಗ ಅಲ್ಲಿ ಗೋಡೆಯೂ ಇಲ್ಲ, ನಕ್ಷೆಯಲ್ಲಿ ಹೆಸರೂ ಇಲ್ಲ. ವಾಟಿ ಕುಣಿತಕ್ಕೆ ಒಂದು ಮಟ್ಟು ಕಟ್ಟಿ ಅದಕ್ಕೆ ಲೋಗಿಬ್ರೇ ಎಂದು ಹೆಸರಿಟ್ಟ. ಪ್ರತಿ ಸಲವೂ ಎದ್ದು ನಿಂತು ಹೆಸರು ಕೂಗಿ, ಆಮೇಲೆಯೇ ಕಮಾನು ಎಳೆಯುತ್ತಿದ್ದ.

ಪಿಟೀಲಿನವರು ಮಟ್ಟಿಗೆ ಜಮೀನ್ದಾರನ ಹೆಂಡತಿಯ ಹೆಸರಿಡುವುದು ನಮ್ಮಲ್ಲಿ ಹಳೇ ರೂಢಿ. ಬದಲಿಗೆ ಚಳಿಗಾಲಕ್ಕೆ ಓಟ್ಸ್ ಹಿಟ್ಟು ಸಿಗುತ್ತಿತ್ತು. ಲೋಗಿಬ್ರೇಗೆ ತನ್ನ ಹೆಂಡತಿಯ ಹೆಸರಿಡು ಎಂದು ಹೊಸ ಜಮೀನ್ದಾರನೂ ಕೇಳಿದ.

"ನಿಮ್ಮ ಹೆಂಡ್ತಿಗೆ ಬೇರೆ ಮಟ್ಟು ಕಟ್ಟಿಕೊಡ್ತೀನಿ. ಇದಕ್ಕೆ ಹೆಸರಿದೆ" ಎಂದ ವಾಟಿ.

ಜಮೀನ್ದಾರನಿಗೆ ಇದೇ ಮಟ್ಟು ಬೇಕಿತ್ತು. ವಾಟಿ ಸತ್ತ ಮೇಲೆ ಸಭಾಂಗಣಕ್ಕೆ ಹೊಸ ಚಾವಣಿಯ ಆಸೆ ತೋರಿಸಿದ. ಸಮಿತಿಯ ಅಧ್ಯಕ್ಷ ಸ್ಯಾಂಡಿ ಪಿರಿ ನಮ್ಮ ಮನೆಗೆ ಬಂದ.

"ಎಲ್ಸ್‌ಪಿ, ಮಟ್ಟು ಅದೇ ಇರುತ್ತಲ್ಲ ಮಾರಾಯ್ತಿ. 'ಲೇಡಿ ವೆನಿಷಿಯಾ' ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

"ನಿನ್ನ ಮಗಳಿಗೂ ಅದೇ ಹೆಸರಿಡು, ಹೋಗು. ಮಗಳು ಅವಳೇ ಇರ್ತಾಳಲ್ಲ."

ಟೀ ಅರ್ಧಕ್ಕೆ ಬಿಟ್ಟು ಎದ್ದ.

ಕೊಯ್ಲಿನ ಕುಣಿತದ ದಿನ ಪಿಟೀಲು ಹಿಡಿದವಳು ಐಸ್ಲಾ, ವಾಟಿಯ ಶಿಷ್ಯೆ. ಜಮೀನ್ದಾರ ಹೆಂಡತಿಯೊಂದಿಗೆ ಮುಂದೆಯೇ ಕೂತಿದ್ದ. ಜೋಡಿಗಳು ಎದುರುಬದುರು ಸಾಲುಗಟ್ಟಿದವು.

"ಈಗ, ಲೇಡಿ ವೆನಿಷಿಯಾ!" ಎಂದು ಸ್ಯಾಂಡಿ ಕೂಗಿದ.

ಕಪ್ಪು ಬಟ್ಟೆಯಲ್ಲೇ ಹೋಗಿ ಎರಡು ಸಾಲಿನ ನಡುವೆ ನಿಂತೆ. ನಡುವೆ ಆಳು ನಿಂತರೆ ಕುಣಿತ ಶುರುವಾಗುವುದಿಲ್ಲ.

"ಪಕ್ಕಕ್ಕೆ ಬಾ ಎಲ್ಸ್‌ಪಿ. ಮರ್ಯಾದೆ ತೆಗೀಬೇಡ."

"ಸರಿಯಾದ ಹೆಸರು ಹೇಳು."

"ಚಾವಣಿ ಸೋರ್ತಾ ಇದೆ ಕಣೇ!"

"ಸೋರ್ಲಿ. ನೆಂದ್ಕೊಂಡೇ ಕುಣೀರಿ."

ಹಿಂದೆ ಯಾರೋ ಕಿಸಕ್ಕೆಂದರು. ನಾನು ಐಸ್ಲಾಳನ್ನು ನೋಡಿದೆ. "ಕಲಿಸ್ದಾಗ ಅವ್ನು ಇದನ್ನ ಏನಂತ ಹೇಳ್ದ, ಮಗಾ?"

ಅವಳು ಜಮೀನ್ದಾರನ ಕಡೆ ಒಮ್ಮೆ ನೋಡಿದಳು. ಮೆಲ್ಲಗೆ ಎದ್ದು ನಿಂತಳು.

"ಲೋಗಿಬ್ರೇ!" ಎಂದು ಕೂಗಿ ಕಮಾನು ಎಳೆದಳು.

ಜಮೀನ್ದಾರ ಹೆಂಡತಿಗೆ ಕೋಟು ತೊಡಿಸಿ ಹೊರಟ. ಚಾವಣಿಯೂ ಅವನ ಜೊತೆಗೇ ಹೋಯಿತು. ಸ್ಯಾಂಡಿ ದುಮುಗುಡುತ್ತ ಬಂದು, ಪಕ್ಕಕ್ಕೆ ಸರಿಸಲು ನನ್ನ ತೋಳು ಹಿಡಿದೆಳೆದ.

"ಹಿಡಿದಿದ್ದೀಯಲ್ಲ, ಇನ್ನು ಕುಣಿ" ಎಂದೆ.

ಬೈಯುತ್ತಲೇ ಕುಣಿದ.