ಏಳನೇ ಹೆಸರು

ನಿನ್ನೆ ಅಡುಗೆಮನೆಯಲ್ಲಿ ಕೊಬ್ಬರಿ ಗಿಟಕು ಒಡೆದೆ. ಕಮಟು ವಾಸನೆ ಮೂಗಿಗೆ ಹೊಡೆಯಿತು. ಹೊರಗೆ ಎಲ್ಲಾ ಸರಿಯಾಗಿಯೇ ಇದ್ದ ಗಿಟಕಿನ ಒಳಗೆ, ಒಂದು ಮಗ್ಗುಲಲ್ಲಿ ಮಾತ್ರ ಹಸಿರು ಬೂಷ್ಟು. ಎಸೆಯಲು ಹೊರಟವಳು ಹಾಗೇ ನಿಂತುಬಿಟ್ಟೆ... ಕೊಬ್ಬರಿ ಅಜ್ಜಿ ಇದ್ದಿದ್ದರೆ ಒಡೆಯುವ ಮೊದಲೇ ಹೇಳಿಬಿಡುತ್ತಿದ್ದರು.

ಬಿಳಿಗೆರೆಯ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಅಟ್ಟದಿಂದ ಒಣಕಾಯಿ ಇಳಿಸಿದಾಗ, ಸುಲಿದು ಕೊಬ್ಬರಿ ತೆಗೆಯಲು ಅವರು ಬರುತ್ತಿದ್ದರು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವುದು, ಅದರ ಕಣ್ಣಿನ ಕಡೆ ಒಮ್ಮೆ ಮೂಸುವುದು, ಎಡಕ್ಕೋ ಬಲಕ್ಕೋ ಎಸೆಯುವುದು. ಎಡಕ್ಕೆ ಬಿದ್ದದ್ದು ಕೆಟ್ಟದ್ದು. ತಿಪಟೂರಿನ ಮಂಡಿಯಲ್ಲಿ ನಮ್ಮ ಮನೆಯ ಕೊಬ್ಬರಿಗೆ ಒಳ್ಳೆಯ ಹೆಸರಿತ್ತು. ಆ ಹೆಸರು ನಮ್ಮ ತಾತನದು ಎಂದೇ ಎಲ್ಲರೂ ತಿಳಿದಿದ್ದೆವು, ನಾನೂ ಸೇರಿ.

ಡಿಗ್ರಿ ಓದುವಾಗ ನಾವು ಆರು ಜನ ಸೇರಿ ಸಿಂಥೆಟಿಕ್ ಬಯಾಲಜಿ ತಂಡ ಕಟ್ಟಿದೆವು. ಬ್ಯಾಕ್ಟೀರಿಯಾದ ವಂಶವಾಹಿ ತಿದ್ದಿ, ಕೊಬ್ಬರಿಯಲ್ಲಿ ಬೂಷ್ಟಿನ ವಿಷವಿದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುವಂತೆ ಮಾಡಿದ್ದೆವು. ಪುಣೆಯಲ್ಲಿ ನಡೆಯುವ ಸ್ಪರ್ಧೆಗೆ ಹೋಗುವ ಮೊದಲು ಅಜ್ಜಿಯ ಮುಂದೆ ಸ್ವಲ್ಪ ಜಂಬ ಕೊಚ್ಚೋಣ ಅನ್ನಿಸಿತು. ಇಪ್ಪತ್ತು ಕಾಯಿಗೆ ತೂತು ಕೊರೆದು, ಪುಡಿಯನ್ನು ಕಾಲೇಜಿನ ಲ್ಯಾಬಿಗೆ ಒಯ್ದೆವು. ಎರಡು ಗುಲಾಬಿಯಾದವು. ಅದೇ ಇಪ್ಪತ್ತರಲ್ಲಿ ಅಜ್ಜಿ ಐದನ್ನು ಎಡಕ್ಕೆ ಎಸೆದಿದ್ದರು. ಒಡೆದು ನೋಡಿದರೆ ಐದೂ ಕೆಟ್ಟಿದ್ದವು.

"ಒಂದ್ ಮಗ್ಲು ತೂತ್ ಕೊರುದ್ರೆ ಇಡೀ ಕಾಯಿ ಗೊತ್ತಾಯ್ತದೇನವ್ವ? ಬೂಷ್ಟೇನು ನಿಮ್ಮ ತೂತು ಹುಡುಕ್ಕೊಂಡ್ ಬತ್ತದಾ?" ಅಂದರು ಅಜ್ಜಿ.

ಅಂದಿನಿಂದ ಪ್ರತಿ ಕಾಯಿಗೂ ಮೂರು ಕಡೆ ಕೊರೆದೆವು. ಎಲ್ಲೆಲ್ಲಿ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟವರೂ ಅವರೇ. ನಮ್ಮ ಬ್ಯಾಕ್ಟೀರಿಯಾ ಆಮೇಲೆ ತಪ್ಪಲಿಲ್ಲ.

ಸ್ಪರ್ಧೆಯ ಪೋಸ್ಟರಿನ ಮೇಲೆ ನಮ್ಮ ಆರು ಹೆಸರಿನ ಕೆಳಗೆ ಅಜ್ಜಿಯ ಹೆಸರನ್ನೂ ಹಾಕಿದೆ. "ಸ್ಥಳೀಯ ಕೂಲಿಯವರ ಸಹಕಾರ ಅಂತ ಹಾಕಮ್ಮ, ಸಾಕು" ಎಂದರು ಮಾರ್ಗದರ್ಶನ ಮಾಡುತ್ತಿದ್ದ ಮೇಷ್ಟ್ರು. ನನಗೂ ಕೊಂಚ ಅಳುಕಿತ್ತು. ಅಜ್ಜಿಯನ್ನೇ ಕೇಳಿದೆ.

"ಜೀವಮಾನೆಲ್ಲ ಕಾಯಿ ಆರಿಸ್ದೆ. ಚೀಲದ್ ಮ್ಯಾಲೆ ನಿಮ್ ತಾತುನ್ ಹೆಸ್ರು. ಇದ್ರ ಮ್ಯಾಲಾದ್ರೂ ನಂದಿರ್ಲಿ ಬುಡು. ನಾನೇನ್ ಕದ್ದಿದೀನಾ?"

ಆಮೇಲೆ ಯಾರು ಏನೇ ಹೇಳಿದರೂ ನಾನು ಜಗ್ಗಲಿಲ್ಲ. ಪುಣೆಯಲ್ಲಿ ತೀರ್ಪುಗಾರರೊಬ್ಬರು ಏಳನೇ ಹೆಸರಿನ ಮೇಲೆ ಪೆನ್ನಿಟ್ಟು, ಇವರು ಯಾವ ಸಂಸ್ಥೆಯವರು ಎಂದರು. "ನಮ್ಮ ಮನೆಯ ಅಟ್ಟದವರು" ಎಂದೆ. ಅವರು ನಗಲಿಲ್ಲ, ನಾನೂ ನಗಲಿಲ್ಲ. ನಾವು ಎರಡು ಹಿಡಿದದ್ದು, ಅಜ್ಜಿ ಐದು ಹಿಡಿದದ್ದು, ಎಲ್ಲವನ್ನೂ ಮುಚ್ಚಿಡದೆ ಹೇಳಿದೆ. ತಂಡಕ್ಕೆ ಬೆಳ್ಳಿ ಪದಕ ಬಂತು. ಜೊತೆಗೆ ಪರೀಕ್ಷೆಯ ಕ್ರಮಕ್ಕೆಂದೇ ಇನ್ನೊಂದು ಬಹುಮಾನ. ಆ ಕ್ರಮ ಯಾರದೆಂದು ನಮಗೆ ಆರು ಜನಕ್ಕೂ ಗೊತ್ತಿತ್ತು.

ಊರಿಗೆ ಬಂದು ಪೋಸ್ಟರ್ ಬಿಚ್ಚಿ ತೋರಿಸಿದೆ. ಅಜ್ಜಿಯ ಕಣ್ಣಲ್ಲಿ ನೀರು ಬರಬಹುದು ಎಂದುಕೊಂಡಿದ್ದೆ. ಎಲ್ಲಿ ಬಂತು!

"ನನ್ನುನ್ನ ಕೊನೇಗ್ಯಾಕವ್ವ ಹಾಕಿದೀಯ? ಮೊದ್ಲು ಹೇಳ್ದೋಳು ನಾನಲ್ವಾ?"

ಮುಂದಿನ ಸಲ ಸರಿ ಮಾಡ್ತೀನಿ ಅಜ್ಜಿ, ಎಂದು ನಕ್ಕು ಪೋಸ್ಟರ್ ಸುತ್ತಿಟ್ಟೆ... ಮುಂದಿನ ಸಲ ಬರಲೇ ಇಲ್ಲ. ಹೋದ ವರ್ಷ ಅಜ್ಜಿ ತೀರಿಕೊಂಡರು. ಈಗ ನಮ್ಮ ಮನೆಯಲ್ಲಿ ಕಾಯಿಯನ್ನು ಕಿವಿಗೆ ಹಿಡಿಯುವವರಿಲ್ಲ. ಹಿಡಿದರೂ ನಮಗ್ಯಾರಿಗೂ ಏನೂ ಕೇಳಿಸುವುದಿಲ್ಲ. ಆ ಸಂಕಟ ಹೋಗುವಂಥದ್ದಲ್ಲ.

ಈ ತಿಂಗಳು ಕಾಲೇಜಿನವರು ಸಾಧಕರ ಫಲಕ ಮಾಡಿಸುತ್ತಿದ್ದಾರೆ. ತಂಡದವರ ಹೆಸರು ಕೇಳಿದರು, ಏಳು ಕಳಿಸಿದೆ. ಒಬ್ಬರು ವಿದ್ಯಾರ್ಥಿಯಲ್ಲ, ತೆಗೆದು ಕಳಿಸಿ ಎಂದು ಪಟ್ಟಿ ವಾಪಸು ಬಂತು. ಇವತ್ತು ಬೆಳಿಗ್ಗೆ ಕೂತು ತಿದ್ದಿದೆ. ಅಜ್ಜಿಯ ಹೆಸರನ್ನು ಏಳನೇ ಸಾಲಿನಿಂದ ತೆಗೆದು ಮೊದಲನೇ ಸಾಲಿಗೆ ಹಾಕಿ, ಕಳಿಸಿದ್ದೇನೆ.