ಕಬ್ಬಿಣದ ಅಂಗಿಯ ಪಂಚಾಯತಿ

ಕಳೆದ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದೂವರೆಗೆ ನಾನು ತೀರಿಕೊಂಡೆ.

ಬೆಳಗಾವಿಯ ಸದಾಶಿವನಗರದ ಒಂದು ಸೈಬರ್ ಕೆಫೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಲ್ಲೇ, ನರಿ ಕಚ್ಚಿ. (ಸಮಾಧಾನ ಹೇಳಲು ಮನೆಗೆ ಹೊರಟವರು ದಯವಿಟ್ಟು ಚಪ್ಪಲಿ ಬಿಚ್ಚಿಡಿ. ನನ್ನ ಪ್ರಕೃತಿ ಚೆನ್ನಾಗಿದೆ.)

ನನ್ನ ತಂಗಿಯ ಮಗಳು ವೈಶಾಲಿ ಖಾನಾಪುರದಲ್ಲಿ ಡಿ.ಟಿ.ಪಿ. ಅಂಗಡಿ ನಡೆಸುತ್ತಾಳೆ. ವಾರವೆಲ್ಲ ಊರವರ ಲಗ್ನಪತ್ರಿಕೆ ಟೈಪ್ ಮಾಡಿ, ಭಾನುವಾರ ಬಸ್ಸು ಹತ್ತಿ ಬೆಳಗಾವಿಗೆ ಬರುತ್ತಾಳೆ. ನಮ್ಮನ್ನು ನೋಡಲು ಎಂದು ನಾನು ತಿಳಿದಿದ್ದೆ. ಬರುವುದು ರಾಕ್ಷಸರನ್ನು ಕೊಲ್ಲಲು.

ಇಂಟರ್‌ನೆಟ್ಟಿನಲ್ಲಿ ಒಂದು ರಾಜ್ಯವಿದೆಯಂತೆ. ಎಲ್ಲೆಲ್ಲಿಯೋ ಇರುವ ಜನ ಅಲ್ಲಿ ಒಂದೊಂದು ವೇಷ ತೊಟ್ಟು, ಗುಂಪು ಕಟ್ಟಿ, ಗವಿಗಳಿಗೆ ನುಗ್ಗಿ ರಾಕ್ಷಸರನ್ನು ಕೆಡವುತ್ತಾರೆ. ರಾಕ್ಷಸ ಬಿದ್ದ ಜಾಗದಲ್ಲಿ ಕತ್ತಿಯೋ ಕಿರೀಟವೋ ಉದುರುತ್ತದೆ. ಅದಕ್ಕೆ ‘ಲೂಟ್’ ಎನ್ನುತ್ತಾರೆ. ಎಷ್ಟು ಪ್ರಾಮಾಣಿಕವಾದ ಹೆಸರು ನೋಡಿ. ನಮ್ಮ ಕಡೆ ಇದಕ್ಕೇ ‘ಹಿರಿಯರ ಆಸ್ತಿ’ ಎಂದು ಮರ್ಯಾದೆಯ ಹೆಸರಿಟ್ಟಿರುತ್ತೇವೆ.

ವೈಶಾಲಿಯ ಗುಂಪಿನಲ್ಲಿ ಮೂವರು. ಆಟೋ ನಗರದಲ್ಲಿ ಲಾರಿಗೆ ಬಾಡಿ ಕಟ್ಟುವ ಪ್ರಕಾಶ ಅಲ್ಲಿ ಕತ್ತಿ ಹಿಡಿದ ವೀರ. ವಿಮಾ ಕಚೇರಿಯ ಗುಮಾಸ್ತ ದೇಸಾಯರು ಬಿಲ್ಲುಗಾರರು. ಬಹಳ ದೂರ ನಿಂತು ಧೈರ್ಯ ತೋರಿಸುತ್ತಾರೆ. ವೈಶಾಲಿ ಇವರಿಬ್ಬರ ಹಿಂದೆ ನಿಂತು ಮಂತ್ರ ಹಾಕುತ್ತಾಳೆ. ಗಾಯವಾದರೆ ಮಾಯಿಸುವುದು, ಸತ್ತರೆ ಎಬ್ಬಿಸುವುದು ಅವಳ ಕೆಲಸ.

ಆ ರಾಜ್ಯದ ಕಾನೂನು ಒಂದೇ. ಮೊದಲು ಯಾರು ಮೌಸ್ ಒತ್ತಿದರೋ ಮಾಲು ಅವರದು. ರಾಕ್ಷಸನ ಹತ್ತಿರ ಯಾರು ನಿಂತಿರುತ್ತಾರೆ? ಕತ್ತಿಯವನು. ಆರು ತಿಂಗಳು ಇವರ ಗಾಯ ಮಾಯಿಸಿದ ವೈಶಾಲಿಗೆ ಸಿಕ್ಕಿದ್ದು ಒಂದು ಹರಿದ ಚೀಲ ಮತ್ತು ಅರ್ಧ ಉರಿದ ಮೇಣದಬತ್ತಿ.

ಆ ಭಾನುವಾರ ಗೂಳಿಯ ತಲೆಯ ಒಬ್ಬ ದೊಡ್ಡ ರಾಕ್ಷಸ ಬಿದ್ದ. ಬೆಳ್ಳಿಯಂತೆ ಹೊಳೆಯುವ ಕಬ್ಬಿಣದ ಅಂಗಿಯೊಂದು ಉದುರಿತು. ಕಣ್ಣು ಮಿಟುಕಿಸುವುದರಲ್ಲಿ ಪ್ರಕಾಶ ಅದನ್ನು ಎತ್ತಿಕೊಂಡ. ವೈಶಾಲಿ ಮೌಸ್ ಬಿಟ್ಟು, “ನಾ ಇನ್ನ ಬರೂದಿಲ್ಲ” ಎಂದು ಎದ್ದಳಂತೆ. ಉಳಿದಿಬ್ಬರು ಅವಳ ದಾರಿಗೆ ಅಡ್ಡ ನಿಂತರು. ಎಬ್ಬಿಸುವವರಿಲ್ಲದೆ ಸಾಯುವುದು ಹೇಗೆ? ಕೊನೆಗೆ ಮೂವರೂ ಒಪ್ಪಿ, ಪಂಚಾಯತಿಗೆ ಬನ್ನಿ ಎಂದು ನನಗೆ ಫೋನ್ ಮಾಡಿದರು. ನಾನು ಮೋಜಣಿ ಇಲಾಖೆಯಲ್ಲಿ ಸರ್ವೇಯರ್ ಆಗಿ ನಿವೃತ್ತನಾದವನು. ಅಣ್ಣತಮ್ಮಂದಿರ ಹೊಲಗಳಿಗೆ ಸರಪಳಿ ಎಳೆದೇ ನನ್ನ ಕೂದಲು ಹಣ್ಣಾಗಿವೆ.

ನಾನು ಕೆಫೆಗೆ ಹೋದಾಗ ಪ್ರಕಾಶ ಮತ್ತು ವೈಶಾಲಿ ಮರಾಠಿಯಲ್ಲಿ ಜಗಳವಾಡುತ್ತಿದ್ದರು. ನನ್ನನ್ನು ಕಂಡು ಕನ್ನಡಕ್ಕೆ ಬಂದರು. (ಪಂಚರಿಗೆ ಇಷ್ಟಾದರೂ ಗೌರವ ಬೇಡವೆ?)

“ಕಾಕಾ, ನೀವ ಹೇಳ್ರಿ,” ಎಂದ ಪ್ರಕಾಶ. “ಆ ಅಂಗಿ ಹಾಕ್ಕೊಳ್ಳಾಕ ಮೈಯಾಗ ತಾಕತ್ತು ನಲವತ್ತು ಬೇಕು. ಅಕ್ಕಂದು ಬರೇ ಹನ್ನೆರಡ ಐತಿ. ಇಟ್ಕೊಂಡು ಏನ್ ಮಾಡ್ತಾಳ? ಗ್ವಾಡಿಗೆ ತೂಗ ಹಾಕ್ತಾಳೇನು?”

“ಹಾಕ್ತೀನಿ. ಇಲ್ಲಾಂದ್ರ ಪೆಟ್ಟಿಗ್ಯಾಗ ಇಟ್ಟು ಕೀಲಿ ಜಡೀತೀನಿ. ಮುಂಜಾನಿಂದ ನಿನ್ನ ಎಷ್ಟ ಸಲ ಎಬ್ಬಿಸೇನಿ, ಹೇಳು.”

“ಮೂರು ಸಲ.”

“ಐದು,” ಎಂದು ದೇಸಾಯರು ತಿದ್ದಿದರು. “ಮತ್ತ ನಾ ಬಿಟ್ಟ ಬಾಣಾನೂ ಲೆಕ್ಕಕ್ಕ ಹಿಡೀಬೇಕ್ರೀ, ರಾಯರ.”

ನನಗೆ ಖಾನಾಪುರ ಕಡೆಯ ಒಂದು ಹಲಸಿನ ಮರ ನೆನಪಾಯಿತು. ಇಬ್ಬರು ಅಣ್ಣತಮ್ಮಂದಿರ ಹೊಲದ ಬದುವಿನ ಮೇಲೆ ಸರಿಯಾಗಿ ನಿಂತ ಮರ. ಕಾಂಡದ ನಡುವೆ ಗೆರೆ ಎಳೆಯಿರಿ ಎಂದು ನನ್ನನ್ನು ಕರೆಸಿದ್ದರು. ಕಡೆಗೆ ಒಂದು ವರ್ಷ ಅಣ್ಣನ ಪಾಳಿ, ಮರುವರ್ಷ ತಮ್ಮನ ಪಾಳಿ ಎಂದಾಯಿತು. ತಮ್ಮನಿಗೆ ಹಲಸಿನ ವಾಸನೆಯೇ ಆಗುತ್ತಿರಲಿಲ್ಲ. ಆದರೂ ತನ್ನ ವರ್ಷದಲ್ಲಿ ಒಂದು ಕಾಯಿಯನ್ನೂ ಅಣ್ಣನಿಗೆ ಮುಟ್ಟಗೊಡಲಿಲ್ಲ. ಅವನಿಗೆ ಬೇಕಾಗಿದ್ದದ್ದು ಹಣ್ಣೆ?

ಪಂಚಾಯತಿಗೆ ಒಂದು ಪದ್ಧತಿಯಿದೆ. ತೀರ್ಮಾನವಾಗುವವರೆಗೆ ತಂಟೆಯ ವಸ್ತು ಪಂಚರ ವಶದಲ್ಲಿರಬೇಕು. ಹಾಗಾಗಿ ನಾನೂ ಆ ರಾಜ್ಯದಲ್ಲಿ ಜನ್ಮ ತಾಳಬೇಕಾಯಿತು. ಕೆಫೆಯ ಮಾಲೀಕ ನನಗೆ ಒಂದು ದೇಹ ಮಾಡಿಕೊಟ್ಟ. ಮೊಣಕಾಲುದ್ದದ ಚಡ್ಡಿ, ಕೈಯಲ್ಲೊಂದು ಕಟ್ಟಿಗೆ. ತಾಕತ್ತು ಐದು. ಪ್ರಕಾಶ ಮುಖ ಸಣ್ಣದು ಮಾಡಿಕೊಂಡು ಅಂಗಿಯನ್ನು ನನ್ನ ಚೀಲಕ್ಕೆ ಹಾಕಿದ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ನಾವು ನಿಂತಿದ್ದದ್ದು ಕೋಟೆಯೊಳಗೆ. ಸುತ್ತ ಬರೀ ಕಲ್ಲು. ಮರದ ನೆರಳಿಲ್ಲದೆ ಪಂಚಾಯತಿ ಎಲ್ಲಾದರೂ ಉಂಟೆ? ಬಾಗಿಲಿನಾಚೆ ಒಂದು ಒಳ್ಳೆಯ ಮರ ಕಾಣುತ್ತಿತ್ತು. ಬಾಣದ ಗುರುತಿನ ಗುಂಡಿ ಒತ್ತಿ ಹೊರಟೆ.

“ಕಾಕಾ, ಎಲ್ಲಿಗ ಹೊಂಟ್ರಿ?”

“ನೆರಳಿಗೆ.”

“ಹೊರಗ ಹೋಗಬ್ಯಾಡ್ರಿ…”

ಅಷ್ಟರಲ್ಲಿ ನರಿ ಬಂತು. ಎರಡು ಸಲ ಕಚ್ಚಿತು. ಪಂಚ ಅಂಗಾತ ಮಲಗಿದ.

ಹೆಣದ ಮೇಲಿನ ವಸ್ತುವನ್ನು ಅಲ್ಲಿ ಐದು ನಿಮಿಷ ಯಾರೂ ಮುಟ್ಟುವಂತಿಲ್ಲ. ಆಮೇಲೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಯಾವ ದೇಶದವನೋ, ಹಸಿರು ಟೊಪ್ಪಿಗೆಯ ಒಬ್ಬ ಆಗಲೇ ಬಂದು ನನ್ನ ತಲೆಯ ಹತ್ತಿರ ಕುಳಿತಿದ್ದ. ಅಂಗಿ ಉಳಿಯಬೇಕಾದರೆ ಅದಕ್ಕೆ ಮೊದಲೇ ನಾನು ಏಳಬೇಕು. ಪ್ರಕಾಶ, ದೇಸಾಯರು ಇಬ್ಬರೂ ವೈಶಾಲಿಯ ಕಡೆ ತಿರುಗಿದರು. ಅವಳು ಕೈ ಕಟ್ಟಿಕೊಂಡು ಕುಳಿತಿದ್ದಳು.

“ಅಕ್ಕಾ, ಕಾಕಾನ್ನ ಎಬ್ಬಿಸು.”

“ನಾ ಬರೇ ಹಿಂದ ನಿಂತಿರಾಕಿ. ನೀ ವೀರ ಅದಿ, ನೀನ ಎಬ್ಬಿಸು. ಕತ್ತೀಲೆ ಒಂಚೂರು ತಿವದ ನೋಡು.”

“ವೈಶಾಲಿ, ನಾ ನಿನ್ನ ಮಾಮಾ ಇದೀನವಾ,” ಎಂದೆ.

“ಸತ್ತವ್ರು ಮಾತಾಡಬಾರ್ದು, ಮಾಮಾ.”

ಹಸಿರು ಟೊಪ್ಪಿಗೆಯವನು ಇನ್ನಷ್ಟು ಹತ್ತಿರ ಸರಿದ. ಲಾರಿಗಳನ್ನು ಎತ್ತಿ ನಿಲ್ಲಿಸುವ ಆಸಾಮಿ ಪ್ರಕಾಶ ದನಿ ಇಳಿಸಿ ಕೇಳಿದ: “ಏನ್ ಮಾಡೂಣು ಹೇಳಕ್ಕಾ.”

“ಇವತ್ತಿನಿಂದ ಏನ ಬಿದ್ರೂ ಪಾಳಿ ಪ್ರಕಾರ. ಪಾಳಿ ಇಲ್ಲದಾಂವ ಕೈ ಹಚ್ಚಬಾರ್ದು. ಮೊದಲನೇ ಪಾಳಿ ನಂದು, ಈ ಅಂಗಿ ಹಿಡದು.”

“ಆತು.”

“ಎರಡನೇ ಪಾಳಿ ಯಾರದ್ರೀ?” ಎಂದರು ದೇಸಾಯರು.

“ಮೊದಲ ಹೆಣ ಏಳಲಿ, ದೇಸಾಯ್ರ.”

ಅವಳು ಒಂದು ಗುಂಡಿ ಒತ್ತಿದಳು. ನೀಲಿ ಬೆಳಕು ಬಿತ್ತು. ನಾನು ಚಡ್ಡಿ ಸಮೇತ ಎದ್ದು ನಿಂತು, ಫಿರ್ಯಾದಿ ತಾನೇ ಕೊಟ್ಟುಕೊಂಡ ತೀರ್ಪನ್ನು ಗಂಭೀರವಾಗಿ ಕಾಯಂ ಮಾಡಿದೆ. ಒಮ್ಮೆ ಸತ್ತು ಎದ್ದ ಪಂಚನಿಗೆ ಅದಕ್ಕಿಂತ ಹೆಚ್ಚಿನ ಅಧಿಕಾರ ಉಳಿದಿರಲಿಲ್ಲ.

ಅಂಗಿ ಈಗ ವೈಶಾಲಿಯ ಪೆಟ್ಟಿಗೆಯಲ್ಲಿದೆ. ಯಾರ ಮೈಗೂ ಏರಿಲ್ಲ. ಒಂದು ದಿನದ ಮಟ್ಟಿಗೆ ಕೊಡು ಎಂದು ಪ್ರಕಾಶ ಕೇಳಿದರೆ “ನೋಡೂಣು” ಎನ್ನುತ್ತಾಳೆ. ರಾಕ್ಷಸ ಬಿದ್ದರೆ ಅವನು ಈಗ ಬಗ್ಗುವುದಿಲ್ಲ. ಕತ್ತಿ ಇಳಿಸಿ, ಹಿಂದಕ್ಕೆ ತಿರುಗಿ, “ಅಕ್ಕಾ, ಯಾರ ಪಾಳಿ?” ಎಂದು ಕೇಳಿ ಕಾಯುತ್ತಾನೆ. ಕಳೆದ ವಾರ ಅವನ ಪಾಳಿಗೆ ಸಿಕ್ಕಿದ್ದು ಒಂಟಿ ಬೂಟು. ಗೊಣಗದೆ ತೆಗೆದುಕೊಂಡ.

ಸತ್ತ ಸುದ್ದಿಯನ್ನು ಮನೆಯಲ್ಲಿ ತಿಂಗಳು ಮುಚ್ಚಿಟ್ಟಿದ್ದೆ. ಮೊನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಎಲ್ಲವನ್ನೂ ವಿವರವಾಗಿ ಹೇಳಿದೆ. ನರಿ, ಅಂಗಿ, ನನ್ನ ತೀರ್ಪು, ಯಾವುದನ್ನೂ ಬಿಡಲಿಲ್ಲ. ನನ್ನ ಹೆಂಡತಿ ಕೊನೆಯವರೆಗೂ ಕೇಳಿಸಿಕೊಂಡಳು. ನನ್ನ ತಟ್ಟೆಗೆ ಹಾಕಬೇಕಿದ್ದ ರೊಟ್ಟಿಯನ್ನು ಬುಟ್ಟಿಗೇ ವಾಪಸ್ಸು ಇಟ್ಟಳು.

“ಅದೆಲ್ಲಾ ಇರ್ಲಿ,” ಎಂದಳು. “ಅಕಿ ಕೈ ಕಟ್ಕೊಂಡು ಕೂತಿದ್ದು ಒಟ್ಟ ಎಷ್ಟ ಹೊತ್ತು, ಅದನ್ನ ಸರಿಯಾಗಿ ಹೇಳ್ರಿ?”